ನಾಲ್ವರ ನಡಿಗೆಗೆ ಎಷ್ಟು ದಾಳ?

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಬ್ಬ ಪ್ಯಾಲಡಿನ್ ಸತ್ತ. ಅವನನ್ನು ಕೊಂದದ್ದು ನನ್ನ ಒಂದು ಮಾತು: "ಸರಿ, ಎಲ್ಲರೂ ಸ್ಟೆಲ್ತ್ ರೋಲ್ ಮಾಡಿ."

ನಡೆದದ್ದು ಇಷ್ಟು. ನಾಲ್ಕು ಪಾತ್ರಗಳು ನಡುರಾತ್ರಿ ಒಂದು ಸುಂಕದಕಟ್ಟೆಯನ್ನು ಸದ್ದಿಲ್ಲದೆ ದಾಟಬೇಕಿತ್ತು. ಕಾವಲಿನವರು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದರು. ಆಟಗಾರರು ಅರ್ಧ ಗಂಟೆ ತಲೆ ಕೆಡಿಸಿಕೊಂಡು ಹಾದಿ ಹುಡುಕಿದ್ದರು. ಹಿಂಬದಿಯ ಚರಂಡಿ, ಗಾಳಿ ಬೀಸುವ ದಿಕ್ಕು, ಕಾವಲು ಬದಲಾಗುವ ಹೊತ್ತು, ಎಲ್ಲ ಲೆಕ್ಕ ಹಾಕಿದ್ದರು. ಕಳ್ಳಿಯ ಪಾತ್ರದವಳು ಇಪ್ಪತ್ತು ಮುಖದ ದಾಳ ಉರುಳಿಸಿದಳು, ಒಟ್ಟು 24. ಬೇಟೆಗಾರನಿಗೆ 17. ಮಂತ್ರವಾದಿಗೆ 13, ಅಲ್ಲಿಗಲ್ಲಿಗೆ ಪಾರು. ಧರ್ಮಯೋಧನಾದ ಪ್ಯಾಲಡಿನ್ ಮೈಮೇಲೆ ಉಕ್ಕಿನ ಬಳೆಗಳ ಚೈನ್‌ಮೇಲ್ ಇತ್ತು. ಅದನ್ನು ತೊಟ್ಟವರು ಸದ್ದಡಗಿಸಿ ನಡೆಯಬೇಕಾದರೆ ಎರಡು ಸಲ ದಾಳ ಹಾಕಿ ಕಡಿಮೆ ಬಿದ್ದದ್ದನ್ನು ತಗೊಳ್ಳಬೇಕು. ಮೊದಲು 14 ಬಿತ್ತು. ಎಲ್ಲರೂ ಉಸಿರು ಹಿಡಿದರು. ಎರಡನೆಯದು ಮೇಜಿನ ಅಂಚಿನವರೆಗೆ ಉರುಳಿ, ಚಟ್ನಿ ಬಟ್ಟಲಿಗೆ ತಾಗಿ ನಿಂತಿತು: 3.

ಆಮೇಲೆ ಎರಡು ಗಂಟೆ ಹೊಡೆದಾಟ. ಅರ್ಧ ಗಂಟೆಯ ಯೋಜನೆ ಮಣ್ಣುಪಾಲು, ಪ್ಯಾಲಡಿನ್ ಹೆಣ. ಅವನನ್ನು ಆಡುತ್ತಿದ್ದ ಗೆಳೆಯ ಏನೂ ಅನ್ನಲಿಲ್ಲ. ತನ್ನ ಹಾಳೆಯನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು, "ನಾನು ಹೊರಗೇ ಕೂತಿದ್ರೆ ಚೆನ್ನಾಗಿತ್ತು ಅಲ್ವಾ?" ಅಂದ. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಮಿನೆಸೋಟದ ಡೇವ್ ಆರ್ನೆಸನ್ ಅದನ್ನು ಕಟ್ಟಿದವರು. ಮೊದಲು ಮುದ್ರಿಸಿದ್ದು ಒಂದು ಸಾವಿರ ಪ್ರತಿ. ಆಟಕ್ಕೆ ಬೋರ್ಡ್ ಬೇಕೆಂದಿಲ್ಲ, ಗೆದ್ದವರು ಸೋತವರು ಎಂದೂ ಇಲ್ಲ. ಪ್ರತಿಯೊಬ್ಬರಿಗೂ ಒಂದು ಪಾತ್ರ. ಒಬ್ಬರು ಮಾತ್ರ ಲೋಕವನ್ನು ನಡೆಸುತ್ತಾರೆ, ಅವರೇ ಡಂಜನ್ ಮಾಸ್ಟರ್, ಬಾಯಿಮಾತಿನಲ್ಲಿ ಡಿಎಂ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ: ವೇಷವಿಲ್ಲ, ಕೂತಲ್ಲೇ ಪಾತ್ರ, ಆ ಕ್ಷಣಕ್ಕೆ ಹುಟ್ಟುವ ಮಾತು. ಒಂದೇ ವ್ಯತ್ಯಾಸ, ಅಲ್ಲಿ ಪ್ರಸಂಗ ಮೊದಲೇ ಗೊತ್ತಿರುತ್ತದೆ. ಇಲ್ಲಿ ಮುಂದೇನು ಅನ್ನುವುದು ಭಾಗವತರಿಗೂ ಗೊತ್ತಿರುವುದಿಲ್ಲ. ಗೋಡೆ ಹತ್ತುತ್ತೇನೆ, ಬೀಗ ಮುರಿಯುತ್ತೇನೆ, ರಾಜನಿಗೆ ಸುಳ್ಳು ಹೇಳುತ್ತೇನೆ ಅಂದಾಗ ಇಪ್ಪತ್ತು ಮುಖದ ದಾಳ ಹಾಕಿ, ಪಾತ್ರದ ಕೌಶಲದ ಅಂಕ ಕೂಡಿಸಿ, ಡಿಎಂ ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆ ಮುಟ್ಟಿದರೆ ಕೆಲಸ ಆಯಿತು. ಮುಟ್ಟದಿದ್ದರೆ ಕತೆ ಬೇರೆ ಕಡೆ ಹೊರಳುತ್ತದೆ.

ಒಬ್ಬರು ಒಂದು ಕೆಲಸ ಮಾಡುವಾಗ ಈ ಪದ್ಧತಿ ನೀರು ಕುಡಿದಷ್ಟು ಸಲೀಸು. ತಂಡವೆಲ್ಲ ಸೇರಿ ಒಂದೇ ಕೆಲಸ ಮಾಡುವಾಗಲೇ ಎಡವಟ್ಟು. ಅದೂ ಎಂಥದ್ದು ಅಂದರೆ, ಎಡವಟ್ಟು ಆಗಿದೆ ಅಂತ ಡಿಎಂಗೆ ಗೊತ್ತೇ ಆಗುವುದಿಲ್ಲ. ದಾಳದ ದುರದೃಷ್ಟ ಅಂದುಕೊಂಡು ಸುಮ್ಮನಾಗುತ್ತಾನೆ. ನಾನೂ ಅವತ್ತು ಹಾಗೇ ಅಂದುಕೊಂಡೆ. ರಾತ್ರಿ ಪಾತ್ರೆ ತೊಳೆಯುತ್ತಾ ಲೆಕ್ಕ ಹಾಕಿದೆ, ಆಗ ಮುಖಕ್ಕೆ ಹೊಡೆದ ಹಾಗಾಯಿತು.

ಕಾವಲುಗಾರನ ಕಿವಿ ತಪ್ಪಿಸಲು ಬೇಕಿದ್ದ ಸಂಖ್ಯೆ 12. ಕಳ್ಳಿಗೆ ಕೌಶಲದ ಅಂಕ 7 ಇತ್ತು, ದಾಳದಲ್ಲಿ 5 ಬಿದ್ದರೂ ಸಾಕು, ಅಂದರೆ ನೂರಕ್ಕೆ 80. ಬೇಟೆಗಾರನಿಗೆ 70, ಮಂತ್ರವಾದಿಗೆ 55. ಪ್ಯಾಲಡಿನ್‌ಗೆ ಒಂದೇ ದಾಳವಾಗಿದ್ದರೆ 45. ಎರಡೂ ದಾಳ ಗೆಲ್ಲಲೇಬೇಕಾದ್ದರಿಂದ ಬರೀ 20. ಒಬ್ಬರು ಎಡವಿದರೂ ಎಲ್ಲರೂ ಸಿಕ್ಕಿಬೀಳುತ್ತಾರೆ ಅನ್ನುವುದು ನಾನು ಹಾಕಿದ್ದ ಕಟ್ಟಳೆ. ಹಾಗಾದರೆ ಈ ನಾಲ್ಕನ್ನೂ ಗುಣಿಸಬೇಕು. ಗುಣಿಸಿದೆ. ನೂರಕ್ಕೆ 6.

ಅಂದರೆ ಅದೇ ಸುಂಕದಕಟ್ಟೆಯನ್ನು ನೂರು ರಾತ್ರಿ ದಾಟಿದರೆ 94 ರಾತ್ರಿ ಕಾವಲುಗಾರ ಈಟಿ ಹಿಡಿದು ಎದ್ದು ನಿಲ್ಲುತ್ತಾನೆ. ನಾನು ಅವರಿಗೆ ಆಸೆ ತೋರಿಸಿದ್ದು ನುಸುಳುವ ಕತೆ; ಕೊಟ್ಟದ್ದು ಹೊಡೆದಾಟ. ದಾಳ ಉರುಳುವ ಮೊದಲೇ ಆ ತೀರ್ಮಾನ ಆಗಿಹೋಗಿತ್ತು.

ಅಯ್ಯೋ, ಸಂಖ್ಯೆ ತುಸು ಇಳಿಸಬೇಕಿತ್ತು ಅನ್ನಬಹುದು. ನನಗೂ ಮೊದಲು ಹೊಳೆದದ್ದು ಅದೇ. 12ರ ಬದಲು 10 ಇಟ್ಟು ನೋಡಿದೆ: 6 ಹೋಗಿ 14 ಆಯಿತು, ಅಷ್ಟೇ. ಆಮೇಲೆ ಸಂಖ್ಯೆಯನ್ನು 12ರಲ್ಲೇ ಬಿಟ್ಟು ಕಟ್ಟಳೆ ಮಾತ್ರ ಬದಲಿಸಿದೆ: ಎಲ್ಲರೂ ದಾಳ ಹಾಕಲಿ, ನಾಲ್ವರಲ್ಲಿ ಕನಿಷ್ಠ ಇಬ್ಬರು ಗೆದ್ದರೆ ತಂಡವೇ ಗೆದ್ದ ಹಾಗೆ. ನೂರಕ್ಕೆ 81! ಅವೇ ಪಾತ್ರಗಳು, ಅದೇ ಕಾವಲುಗಾರ, ಅದೇ ಸದ್ದು ಮಾಡುವ ಚೈನ್‌ಮೇಲ್. ಡಿಎಂಗಳು ಸಾಮಾನ್ಯವಾಗಿ 12 ಇಡಲೋ 13 ಇಡಲೋ ಅಂತ ಗಡ್ಡ ಕೆರೆದುಕೊಳ್ಳುತ್ತಾರೆ. ಒಬ್ಬರ ದಾಳದಲ್ಲಿ ಆ ಒಂದು ಅಂಕದ ಬೆಲೆ ನೂರಕ್ಕೆ 5. ಯಾರ್‍ಯಾರು ದಾಳ ಹಾಕಬೇಕು, ಬಿದ್ದದ್ದನ್ನು ಹೇಗೆ ಎಣಿಸಬೇಕು ಅನ್ನುವ ತೀರ್ಮಾನದ ಬೆಲೆ 75. ಆದರೆ ಆ ತೀರ್ಮಾನವನ್ನು ನಾವು ಯೋಚಿಸದೆ, ಉಸಿರಾಡುವಷ್ಟು ಸಹಜವಾಗಿ, "ಎಲ್ಲರೂ ಹಾಕಿ" ಅಂತ ಮುಗಿಸಿಬಿಡುತ್ತೇವೆ.

ಈ ಅರ್ಧದ ಕಟ್ಟಳೆ ನಾನು ಕಂಡುಹಿಡಿದದ್ದೇನಲ್ಲ. 2014ರಲ್ಲಿ ಬಂದ ಐದನೇ ಆವೃತ್ತಿಯ ಆಟಗಾರರ ಕೈಪಿಡಿಯಲ್ಲೇ ಗ್ರೂಪ್ ಚೆಕ್ ಎಂಬ ಹೆಸರಿನಲ್ಲಿ ಕೆಲವೇ ಸಾಲುಗಳಲ್ಲಿ ಇದೆ, ಜೌಗು ನೆಲ ದಾಟುವ ಉದಾಹರಣೆಯ ಜೊತೆ. ನಾನು ಆ ಪುಟವನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ತಲೆಗೆ ಹೋದದ್ದು ಚೌಕಾಬಾರದಿಂದ. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯ ಜಗುಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡಿದವರಿಗೆ ಹೇಳಬೇಕಿಲ್ಲ: ನಾಲ್ಕು ಕವಡೆ ಒಟ್ಟಿಗೆ ಎಸೆದು, ಎಷ್ಟು ಅಂಗಾತ ಬಿದ್ದಿವೆ ಅಂತ ಎಣಿಸುತ್ತೇವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಎರಡಕ್ಕೂ ಇನ್ನೊಂದು ಎಸೆತ ಸಿಗುತ್ತದೆ, ಯಾಕಂದರೆ ಎರಡೂ ಅಪರೂಪ. ಪದೇ ಪದೇ ಬೀಳುವುದು ಎರಡು, ಮೂರು, ಒಂದು. ನಾಲ್ಕು ಕವಡೆಯೂ ಒಂದೇ ಮಾತಿಗೆ ಒಪ್ಪುವುದು ಕಷ್ಟ. ಅರ್ಧ ಕವಡೆ ಒಪ್ಪುವುದು ಸುಲಭ. ಅಜ್ಜಿಗೆ ಸಂಭವನೀಯತೆಯ ಶಾಸ್ತ್ರ ಗೊತ್ತಿರಲಿಲ್ಲ, ಆದರೆ ಚೌಕ ಬೀಳಲೇಬೇಕಾದ ಪರಿಸ್ಥಿತಿಗೆ ಕಾಯಿಯನ್ನು ತಂದು ನಿಲ್ಲಿಸಬಾರದು ಅನ್ನುವುದು ಚೆನ್ನಾಗಿ ಗೊತ್ತಿತ್ತು. ನಾನು ಸುಂಕದಕಟ್ಟೆಯ ಮುಂದೆ ಗೆಳೆಯರನ್ನು ತಂದು ನಿಲ್ಲಿಸಿದ್ದು ಸರಿಯಾಗಿ ಅಲ್ಲಿಗೇ. ಚೌಕ ಬಿದ್ದರೆ ಪಾರು, ಬೇರೆ ಏನು ಬಿದ್ದರೂ ಸಾವು. ಅದೂ ನಾಲ್ಕರಲ್ಲಿ ಒಂದು ಕವಡೆಗೆ ಸೀಸ ತುಂಬಿಟ್ಟು.

ಆಟದ ಚರಿತ್ರೆ ಕೆದಕಿದರೆ ಒಂದು ತಮಾಷೆ ಕಾಣುತ್ತದೆ. 1974ರ ಮೂಲ ಆಟದಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಎರಡು ಪಂಗಡ ಎದುರಾದಾಗ ಯಾರು ಬೆಚ್ಚಿಬಿದ್ದರು ಅನ್ನುವುದಕ್ಕೆ ಇಡೀ ಪಂಗಡಕ್ಕೆ ಒಂದೇ ಒಂದು ಆರು ಮುಖದ ದಾಳ. 1 ಅಥವಾ 2 ಬಿದ್ದರೆ ಬೆಚ್ಚಿಬಿದ್ದ ಹಾಗೆ. ಸೈನ್ಯದ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳ ಹೊಟ್ಟೆಯಿಂದ ಬಂದ ಆಟ ಅದು, ಹಾಗಾಗಿ ದಳಕ್ಕೆ ಒಂದು ದಾಳ ಅನ್ನುವುದು ಅದರ ರಕ್ತದಲ್ಲೇ ಇತ್ತು. 1975ರಲ್ಲಿ ಗ್ರೇಹಾಕ್ ಎಂಬ ಪುರವಣಿ ಪುಸ್ತಕ ಬಂತು, ಅದರಲ್ಲಿ ಕಳ್ಳ ಎಂಬ ಪಾತ್ರ ಬಂದ. ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅಡಗುವುದು ಅವನ ಸ್ವಂತ ವಿದ್ಯೆ, ಅದಕ್ಕೆ ಅವನದೇ ಶೇಕಡಾವಾರು ಅಂಕ. ಅಲ್ಲಿಂದ ಮುಂದೆ ಕೌಶಲ ಎನ್ನುವುದು ದಳದಿಂದ ಆಳಿಗೆ ಇಳಿಯಿತು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಂತೂ ಅಡಗುವುದಕ್ಕೊಂದು, ಸದ್ದು ಮಾಡದಿರುವುದಕ್ಕೊಂದು, ಎರಡೆರಡು ಬೇರೆ ಕೌಶಲ. ನಾಲ್ವರು ನುಸುಳಬೇಕೆಂದರೆ ಎಂಟು ದಾಳ. ಎಲ್ಲರೂ ಎರಡರಲ್ಲೂ ನೂರಕ್ಕೆ 70 ನಿಪುಣರು ಅಂತಿಟ್ಟುಕೊಂಡರೂ ಎಂಟೂ ಗೆಲ್ಲುವ ಸಾಧ್ಯತೆ 6. ಆ ಕಾಲದ ತಂಡಗಳು ಕಳ್ಳನೊಬ್ಬನನ್ನೇ ಮುಂದೆ ಕಳಿಸಿ, ಉಳಿದವರು ಮರದ ಕೆಳಗೆ ಕೂತು ಕಾಯುತ್ತಿದ್ದುದು ಸುಮ್ಮನೆ ಅಲ್ಲ. ನಮ್ಮ ಪ್ಯಾಲಡಿನ್ ಹೇಳಿದ "ನಾನು ಹೊರಗೇ ಕೂತಿದ್ರೆ" ಅನ್ನುವ ಮಾತು ಆ ಕಾಲದ ತಂಡಗಳಿಗೆ ಪಾಠವಾಗಿಯೇ ಹೋಗಿತ್ತು.

2008ರ ನಾಲ್ಕನೇ ಆವೃತ್ತಿ ಆ ಎರಡು ಕೌಶಲಗಳನ್ನೂ ಒಂದು ಮಾಡಿತು. ಐದನೆಯದು ಬಂದು ಅರ್ಧ ಜನ ಗೆದ್ದರೆ ಸಾಕು ಅಂದಿತು. ಒಂದು ದಳಕ್ಕೆ ಒಂದು ದಾಳ ಅನ್ನುವಲ್ಲಿಂದ ಹೊರಟು, ಆಳಿಗೆರಡು ದಾಳ ಅನ್ನುವ ತುದಿ ಮುಟ್ಟಿ, ಮತ್ತೆ ದಳದ ಕಡೆ ತಿರುಗಲು ನಲವತ್ತು ವರ್ಷ ಹಿಡಿಯಿತು.

ಹಾಗಂತ ಎಲ್ಲದಕ್ಕೂ ಅರ್ಧದ ಕಟ್ಟಳೆ ಹಚ್ಚಲು ಬರುವುದಿಲ್ಲ. ನಾನು ಅದನ್ನೂ ಮಾಡಿ ಕೆಟ್ಟೆ. ಒಂದು ಗ್ರಂಥಾಲಯದಲ್ಲಿ ಹಳೆಯ ತಾಳೆಗರಿಯೊಂದನ್ನು ಹುಡುಕುವ ಸನ್ನಿವೇಶ. ಎಲ್ಲರೂ ದಾಳ ಹಾಕಿದರು, ಮಂತ್ರವಾದಿಗೆ 26 ಬಂತು, ಉಳಿದ ಮೂವರೂ ಸೋತರು. ಅರ್ಧ ಗೆಲ್ಲಲಿಲ್ಲ, ಆದ್ದರಿಂದ ತಾಳೆಗರಿ ಸಿಗಲಿಲ್ಲ ಅಂದೆ. ಮಂತ್ರವಾದಿ ನನ್ನ ಮುಖವನ್ನೇ ನೋಡಿದಳು. ಅವಳು ಕೇಳಿದ್ದು ನ್ಯಾಯವೇ: "ನನ್ನ ಕೈಗೆ ಸಿಕ್ಕಿದ್ದನ್ನ ಇವರು ಮೂರು ಜನ ಸೇರಿ ಮತ್ತೆ ಕಳೆದುಹಾಕಿದ್ರಾ?"

ಕೆಲಸದ ಸ್ವಭಾವ ಏನು ಅಂತ ಮೊದಲು ನೋಡಬೇಕು. ಕಳೆದುಹೋದ ಬೀಗದ ಕೈಯನ್ನು ಮನೆಮಂದಿಯೆಲ್ಲ ಹುಡುಕುವಾಗ ಒಬ್ಬರಿಗೆ ಸಿಕ್ಕರೆ ಸಾಕು, ಅಲ್ಲಿ ಅತಿ ಹೆಚ್ಚು ಬಿದ್ದ ದಾಳವೇ ತಂಡದ ದಾಳ. ಹಗ್ಗ ಜಗ್ಗುವಾಗ ಎಲ್ಲರ ಬಲವೂ ಒಂದರ ಮೇಲೊಂದು ಕೂಡುತ್ತದೆ, ಯಾರ ಸೋಲೂ ಇನ್ನೊಬ್ಬರ ಗೆಲುವನ್ನು ಅಳಿಸುವುದಿಲ್ಲ. ದೋಣಿಯಲ್ಲಿ ಕೂತು ಪ್ರವಾಹ ದಾಟುವಾಗ ಚುರುಕಾದವರು ನಿಧಾನದವರನ್ನು ಸಂಭಾಳಿಸಬಹುದು, ಅರ್ಧದ ಲೆಕ್ಕ ಅಲ್ಲಿಗೆ ಹೇಳಿ ಮಾಡಿಸಿದ್ದು. ತೊಟ್ಟಿಲಲ್ಲಿ ಮಲಗಿದ ಮಗುವನ್ನು ಎಬ್ಬಿಸದೆ ನಾಲ್ವರು ಕೋಣೆ ದಾಟುವಾಗ ಮಾತ್ರ ನಿಜಕ್ಕೂ ಒಬ್ಬರು ಎಡವಿದರೆ ಎಲ್ಲ ಮುಗಿಯಿತು. ಕಾವಲುಗಾರನ ಕತೆಯೂ ಹಾಗೇ ಅಲ್ಲವೇ ಎಂದು ಕೇಳಿದರೆ, ಅಲ್ಲಿ ಡಿಎಂ ಒಂದು ಆಯ್ಕೆ ಮಾಡಬೇಕು. ಆ ನಾಲ್ವರೂ ಬೇರೆ ಬೇರೆಯಾಗಿ ನಡೆಯುತ್ತಿದ್ದಾರೋ, ಒಂದು ತಂಡವಾಗಿ ನಡೆಯುತ್ತಿದ್ದಾರೋ? ತಂಡವಾದರೆ ಕಳ್ಳಿ ಮುಂದೆ ಹೋಗಿ ಕೈಸನ್ನೆ ಮಾಡುತ್ತಾಳೆ, ಬೇಟೆಗಾರ ಒಣಗಿದ ಕಡ್ಡಿ ಸರಿಸುತ್ತಾನೆ, ಪ್ಯಾಲಡಿನ್‌ನ ಚೈನ್‌ಮೇಲ್ ಮೇಲೆ ಯಾರೋ ಕಂಬಳಿ ಹೊದಿಸುತ್ತಾರೆ. ಗೆದ್ದ ದಾಳಗಳು ಸೋತ ದಾಳವನ್ನು ಹೊರುವುದು ಅಂದರೆ ಇದೇ.

ಕವಡೆಗೂ ಮೇಜಿನ ಮೇಲಿನ ದಾಳಕ್ಕೂ ವ್ಯತ್ಯಾಸ ಇರುವುದು ಇಲ್ಲಿ. ಚೌಕಾಬಾರದಲ್ಲಿ ಮೂರು ಬಿದ್ದರೆ ಮೂರು ಮನೆ ನಡೆಸುತ್ತೇವೆ, ಬೋರಲು ಬಿದ್ದ ಆ ಒಂದು ಕವಡೆ ಯಾವುದು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳಬೇಕು. ಅದರ ಹಿಂದೆ ಒಬ್ಬ ಮನುಷ್ಯ ಕೂತಿದ್ದಾನೆ, ಕೈಯಲ್ಲಿ ಕಾಫಿ ಲೋಟ ಹಿಡಿದು. ಬರೀ "ಮೂವರು ಗೆದ್ದಿರಿ, ಆಯ್ತು, ದಾಟಿದ್ರಿ" ಅಂತ ಮುಗಿಸುವ ಡಿಎಂ ಗಣಿತ ಸರಿಮಾಡಿಕೊಂಡು ಕತೆ ಕೆಡಿಸಿಕೊಳ್ಳುತ್ತಾನೆ. ಸೋತವನು ಏನು ಮಾಡಿದ, ಗೆದ್ದವರಲ್ಲಿ ಯಾರು ಅವನ ಕೈ ಹಿಡಿದರು, ಅದನ್ನು ಆಟಗಾರರ ಬಾಯಿಂದಲೇ ಹೇಳಿಸಬೇಕು. ನಾನು ಈಗ ಗೆದ್ದವರನ್ನು ಕೇಳುತ್ತೇನೆ: "ಅವನನ್ನ ಹೇಗೆ ಕಾಪಾಡಿದೆ?" ನನಗೆ ಹೊಳೆಯದ ಉತ್ತರಗಳು ಬರುತ್ತವೆ.

ಅರ್ಧದ ಕಟ್ಟಳೆಯಲ್ಲೂ ಒಂದು ಹುಳುಕು ಇದೆ, ಹೆಚ್ಚಿನವರು ಗಮನಿಸಿರುವುದಿಲ್ಲ. ಎಲ್ಲರ ಗೆಲುವಿನ ಸಾಧ್ಯತೆಯೂ ನೂರಕ್ಕೆ 60 ಅಂತಿಟ್ಟುಕೊಳ್ಳಿ. ನಾಲ್ವರ ತಂಡದಲ್ಲಿ ಇಬ್ಬರು ಗೆದ್ದರೆ ಸಾಕು, ತಂಡದ ಗೆಲುವು 82. ಐದನೆಯವನು ಬಂದ. ಐದರ ಅರ್ಧ ಎರಡೂವರೆ, ಅಂದರೆ ಮೂವರು ಗೆಲ್ಲಬೇಕು. ತಂಡದ ಗೆಲುವು 68ಕ್ಕೆ ಇಳಿಯಿತು! ಅವನು ಉಳಿದವರಷ್ಟೇ ಜಾಣ, ಆದರೂ ಬಂದದ್ದೇ ತಪ್ಪಾಯಿತು. ಆರನೆಯವನು ಬಂದರೆ ಮತ್ತೆ 82. ಬೆಸಸಂಖ್ಯೆಯ ತಂಡಗಳಿಗೆ ಈ ಕಟ್ಟಳೆ ಮಲತಾಯಿ. ಸರಿ, ಐವರಿಗೂ ಇಬ್ಬರೇ ಸಾಕು ಅನ್ನೋಣವೆಂದರೆ 91ಕ್ಕೆ ಜಿಗಿಯುತ್ತದೆ, ಆಗ ದಾಳ ಹಾಕಿಸುವ ಸಂಭ್ರಮವೇ ಉಳಿಯುವುದಿಲ್ಲ. ನನ್ನ ಮೇಜಿನಲ್ಲಿ ಇದಕ್ಕೊಂದು ನಾಟಿ ಮದ್ದು ಕಂಡುಕೊಂಡಿದ್ದೇನೆ: ಐವರಿದ್ದರೆ ಒಬ್ಬರು ದಾಳ ಹಾಕದೆ ಇನ್ನೊಬ್ಬರಿಗೆ ನೆರವಾಗುತ್ತಾರೆ. ನೆರವು ಪಡೆದವರು ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುತ್ತಾರೆ. ಇದು ಆಟದಲ್ಲೇ ಇರುವ ಅಡ್ವಾಂಟೇಜ್ ಎಂಬ ಏರ್ಪಾಡು. 50ರ ಸಾಧ್ಯತೆಯನ್ನು 75 ಮಾಡುತ್ತದೆ. ಹಾಗೆ ನೆರವಾಗಲು ಹಿಂದೆ ಸರಿದವನ ಮುಖದಲ್ಲಿ ಒಂದು ಬಗೆಯ ದೊಡ್ಡಸ್ತಿಕೆಯೂ ಬರುತ್ತದೆ, ಮದುವೆಮನೆಯಲ್ಲಿ ಬಡಿಸಲು ನಿಂತವರ ಹಾಗೆ.

ಎದುರು ಬದಿಯ ದಾಳಗಳ ಬಗ್ಗೆ ಒಂದು ಮಾತು. ಉತ್ಸಾಹಿ ಡಿಎಂಗಳು ಆರು ಕಾವಲುಗಾರರಿಗೂ ಆರು ದಾಳ ಹಾಕುತ್ತಾರೆ. ಆರು ದಾಳಗಳಲ್ಲಿ ಅತಿ ಹೆಚ್ಚಿನದು ಸರಾಸರಿ 17 ದಾಟುತ್ತದೆ. ನಾಲ್ವರು ಆಟಗಾರರ ದಾಳಗಳಲ್ಲಿ ಅತಿ ಕಡಿಮೆಯದು ಸರಾಸರಿ ನಾಲ್ಕೂವರೆ. ಇವೆರಡನ್ನೂ ಎದುರುಬದುರು ನಿಲ್ಲಿಸಿದರೆ ಬೆಕ್ಕೂ ಆ ಕೋಟೆಯೊಳಗೆ ನುಸುಳಲಾರದು. ಅದಕ್ಕೇ ಐದನೇ ಆವೃತ್ತಿಯಲ್ಲಿ ಕಾವಲಿನವರಿಗೆ ದಾಳವೇ ಬೇಡ ಎನ್ನುವ ದಾರಿ ಇದೆ: ಅವರ ಅಂಕಕ್ಕೆ 10 ಕೂಡಿಸಿದರೆ ಬರುವುದೇ ಅವರ ಕಿವಿಯ ಚುರುಕು. ಸುಂಕದಕಟ್ಟೆಯ 12 ಬಂದದ್ದು ಹಾಗೆ. ಅದನ್ನಾದರೂ ಅವತ್ತು ಸರಿಯಾಗಿ ಮಾಡಿದ್ದೆ ಅನ್ನುವುದು ನನ್ನ ಒಂದೇ ಸಮಾಧಾನ.

ಬೇರೆ ಆಟಗಳು ಈ ಗಂಟನ್ನು ಬೇರೆ ಬೇರೆ ರೀತಿ ಬಿಚ್ಚಿವೆ. 1981ರಲ್ಲಿ ಬಂದ ಕಾಲ್ ಆಫ್ ಕ್ತುಲು ಭಯದ ಕತೆಗಳ ಆಟ. ಅದರ ಈಚಿನ ಆವೃತ್ತಿಯಲ್ಲಿ ಇಡೀ ತಂಡದ ಅದೃಷ್ಟ ನೋಡಬೇಕಾದಾಗ, ಅಲ್ಲಿರುವವರಲ್ಲಿ ಯಾರ ಅದೃಷ್ಟದ ಅಂಕ ಅತಿ ಕಡಿಮೆಯೋ ಅವರೇ ದಾಳ ಹಾಕಬೇಕು. ಕ್ರೂರ, ಆದರೆ ಆ ಆಟದ ಜಾಯಮಾನಕ್ಕೆ ಸರಿ. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ನುರಿತವನ ಹೆಜ್ಜೆಯಲ್ಲಿ ಹೆಜ್ಜೆ ಇಟ್ಟು ನಡೆದರೆ ಅನನುಭವಿಗೂ ಅಂಕ ಸೇರುತ್ತದೆ. ಚೊಕ್ಕವಾದ ಏರ್ಪಾಡು, ಲೆಕ್ಕ ಮಾತ್ರ ತುಸು ಹೆಚ್ಚು.

ನನ್ನನ್ನು ಮನಸೋಲುವಂತೆ ಮಾಡಿದ್ದು ಬ್ಲೇಡ್ಸ್ ಇನ್ ದ ಡಾರ್ಕ್. ಜಾನ್ ಹಾರ್ಪರ್ ಬರೆದದ್ದು, 2017ರಲ್ಲಿ ಪುಸ್ತಕವಾಯಿತು. ಸೂರ್ಯನೇ ಇಲ್ಲದ ನಗರವೊಂದರಲ್ಲಿ ಕಳ್ಳರ ಗ್ಯಾಂಗು ನಡೆಸುವ ಆಟ. ಇಲ್ಲಿ ಆರು ಮುಖದ ದಾಳಗಳು; ನಿಮ್ಮ ಕೌಶಲ ಎಷ್ಟೋ ಅಷ್ಟು ದಾಳ ಹಾಕಿ ಹೆಚ್ಚಿನದನ್ನು ನೋಡಬೇಕು. 6 ಬಿದ್ದರೆ ಪೂರ್ತಿ ಗೆಲುವು, 4 ಅಥವಾ 5 ಬಿದ್ದರೆ ಗೆಲುವಿನ ಜೊತೆ ಒಂದು ಪೀಡೆ, 3 ಅಥವಾ ಅದಕ್ಕಿಂತ ಕಡಿಮೆಯಾದರೆ ಕೆಟ್ಟಿತು. ತಂಡವಾಗಿ ಏನಾದರೂ ಮಾಡುವಾಗ ಒಬ್ಬರು ಮುಂದಾಳು ಆಗುತ್ತಾರೆ. ಎಲ್ಲರೂ ದಾಳ ಹಾಕುತ್ತಾರೆ, ಎಲ್ಲರಲ್ಲಿ ಅತಿ ಒಳ್ಳೆಯ ಫಲವೇ ಇಡೀ ತಂಡದ್ದು. ಇಷ್ಟೇ ಆಗಿದ್ದರೆ ಸಸಾರ. ಕೌಶಲ ಮೂರು, ಎರಡು, ಒಂದು, ಒಂದು ಇರುವ ನಾಲ್ವರ ಏಳು ದಾಳಗಳಲ್ಲಿ ಒಂದಾದರೂ 6 ಬೀಳುವ ಸಾಧ್ಯತೆ ನೂರಕ್ಕೆ 72. ಆದರೆ ಬೆಲೆ ಕಟ್ಟಬೇಕು. ಯಾರ್‍ಯಾರ ದಾಳ 3 ದಾಟಲಿಲ್ಲವೋ ಅಂಥ ಒಬ್ಬೊಬ್ಬರಿಗೂ ಒಂದರಂತೆ ಮುಂದಾಳುವಿನ ಹಾಳೆಯಲ್ಲಿ ಸ್ಟ್ರೆಸ್ ಚೌಕ ತುಂಬುತ್ತದೆ. ಒಂಬತ್ತು ಚೌಕ ತುಂಬಿದರೆ ಆ ಪಾತ್ರ ಕುಸಿಯುತ್ತದೆ, ಮಾಯದ ಗಾಯವೊಂದನ್ನು ಮನಸ್ಸಿನಲ್ಲಿ ಹೊತ್ತು ಹೊರನಡೆಯುತ್ತದೆ.

ಇದನ್ನು ಮೊದಲ ಸಲ ಆಡಿದಾಗ ಮೇಜಿನ ಹವೆಯೇ ಬದಲಾಯಿತು. ನಮ್ಮ ಡಂಜನ್ಸ್ ಮೇಜಿನಲ್ಲಿ ಎಡವಿದವನನ್ನು ಉಳಿದವರು ದುರುಗುಟ್ಟಿಕೊಂಡು ನೋಡುತ್ತಿದ್ದರು. ಇಲ್ಲಿ ಎಡವಿದವಳು ಮುಂದಾಳುವಿನ ಕಡೆ ನೋಡಿ "ಸಾರಿ ಕಣೋ" ಅಂದಳು. ಅವನು ಪೆನ್ಸಿಲ್ ತಗೊಂಡು, ಏನೂ ಮಾತಾಡದೆ, ತನ್ನ ಹಾಳೆಯಲ್ಲಿ ಒಂದು ಚೌಕ ಕಪ್ಪು ಮಾಡಿದ. ತಂಡ ಕಟ್ಟಿಕೊಂಡು ಕೆಲಸ ಮಾಡಿಸಿದ ಯಾರಿಗಾದರೂ ಆ ಕಪ್ಪು ಚೌಕ ಗುರುತಿರುತ್ತದೆ. ಕೆಲಸ ಆಗಿರುತ್ತದೆ, ಆದರೆ ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟಿರುತ್ತಾರೆ.

ಮೇಜಿನ ಸುತ್ತ ಇನ್ನೊಂದು ರೋಗ ಇದೆ, "ನಾನೂ ನೋಡ್ತೀನಿ" ರೋಗ. ಬಾಗಿಲಲ್ಲಿ ಬಲೆ ಇದೆಯಾ ಅಂತ ಕಳ್ಳಿ ನೋಡಿದಳು, 4 ಬಿತ್ತು. ಏನೂ ಕಾಣಲಿಲ್ಲ ಅಂತ ನಾನು ಹೇಳಿ ಮುಗಿಸುವ ಮೊದಲೇ ಬೇಟೆಗಾರ: "ನಾನೂ ನೋಡ್ತೀನಿ." ಅವನ ಹಿಂದೆ ಮಂತ್ರವಾದಿ. ಅವಳ ಹಿಂದೆ, ಜೀವಮಾನದಲ್ಲಿ ಬಾಗಿಲು ಒದ್ದೇ ತೆರೆದಿರುವ ಪ್ಯಾಲಡಿನ್. ಒಬ್ಬೊಬ್ಬರಿಗೂ ನೂರಕ್ಕೆ 30ರ ಸಾಧ್ಯತೆಯೇ ಇದ್ದರೂ ಐವರು ಸಾಲಾಗಿ ಹಾಕಿದರೆ ಒಬ್ಬರಿಗಾದರೂ ಸಿಗುವ ಸಾಧ್ಯತೆ 83. ಕಷ್ಟದ ಬಾಗಿಲು ಅಂತ ನಾನು ಕಟ್ಟಿದ್ದು ಹೀಗೆ ಕದ್ದುಮುಚ್ಚಿ ಸಲೀಸಾಗಿಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು, ಸಣ್ಣ ಅಂಕ ಕಣ್ಣಾರೆ ಕಂಡಿದ್ದರಿಂದಲೇ ಅವರು ಮತ್ತೆ ನೋಡುತ್ತಿದ್ದಾರೆ. 19 ಬಿದ್ದು "ಏನೂ ಇಲ್ಲ" ಅಂದಿದ್ದರೆ ಯಾರೂ ಮಿಸುಕುತ್ತಿರಲಿಲ್ಲ. ಈಗ ಮೊದಲೇ ಕೇಳುತ್ತೇನೆ: ಯಾರು ನೋಡುತ್ತೀರಿ, ಯಾರು ಜೊತೆ ನಿಲ್ಲುತ್ತೀರಿ? ಒಬ್ಬರು ಮುಖ್ಯರು, ಒಬ್ಬರು ನೆರವು, ಒಂದೇ ಸಲ ದಾಳ. ಅಷ್ಟಕ್ಕೆ ಬಾಗಿಲ ವಿಚಾರ ಮುಗಿಯಿತು. ಶುರುವಿನಲ್ಲಿ ಗೊಣಗಿದರು, ಈಗ ಅಭ್ಯಾಸವಾಗಿದೆ.

ತಂಡದ ದಾಳ ಹಾಕಲೇಬಾರದ ಜಾಗಗಳೂ ಇವೆ. ವಿಷ ಕುಡಿದವನ ಹೊಟ್ಟೆ ಅವನದು, ಪಕ್ಕದವನ ಆರೋಗ್ಯ ಅವನಿಗೆ ಬರುವುದಿಲ್ಲ. ಬೆಂಕಿಯುಂಡೆ ಬಿದ್ದಾಗ ಪಕ್ಕಕ್ಕೆ ಹಾರಿದವನು ಬದುಕುತ್ತಾನೆ, ಹಾರದವನು ಸುಡುತ್ತಾನೆ. ಇಂಥಲ್ಲಿ ಅರ್ಧದ ಲೆಕ್ಕ ತಂದರೆ ಒಬ್ಬನ ಜಾಣ್ಮೆಗೂ ಬೆಲೆಯಿಲ್ಲ, ಇನ್ನೊಬ್ಬನ ಎಡವಟ್ಟಿಗೂ ಬೆಲೆಯಿಲ್ಲ.

ಪ್ಯಾಲಡಿನ್ ಗೆಳೆಯ ಎರಡು ವಾರ ಬರಲಿಲ್ಲ. ಆಫೀಸಿನ ಕೆಲಸ ಅಂದ. ಮೂರನೇ ವಾರ ಬಂದ, ಕೈಯಲ್ಲಿ ಹೊಸ ಹಾಳೆ. ನಾನು ಕುತೂಹಲದಿಂದ ಇಣುಕಿದೆ. ಮತ್ತೆ ಪ್ಯಾಲಡಿನ್, ಸತ್ತವನ ತಮ್ಮನಂತೆ. ಮತ್ತೆ ಚೈನ್‌ಮೇಲ್.

ಅಣ್ಣನ ಹೆಣ ತರಲು ಅದೇ ಸುಂಕದಕಟ್ಟೆಗೆ ಹೋಗಬೇಕೆಂದು ಅವನೇ ಹಟ ಹಿಡಿದ. ಸರಿ, ರಾತ್ರಿ, ಬೆಂಕಿ, ಕಾವಲು. ದಾಳ ಹಾಕುವ ಮೊದಲು ನಾನು ಕಟ್ಟಳೆ ಹೇಳಿದೆ: ಇಬ್ಬರು ಗೆದ್ದರೆ ಪಾರು, ಯಾರೂ ಸೋಲದಿದ್ದರೆ ಕಾವಲಿನವನ ಚೀಲವೂ ನಿಮ್ಮದು, ಒಬ್ಬರೇ ಗೆದ್ದರೆ ಒಬ್ಬ ಕಾವಲುಗಾರ ಮಾತ್ರ ಎದ್ದು ಬರುತ್ತಾನೆ, ಎಲ್ಲರೂ ಸೋತರೆ ಕತೆ ಗೊತ್ತೇ ಇದೆ. ಕಳ್ಳಿ ಗೆದ್ದಳು. ಬೇಟೆಗಾರ 5 ಹಾಕಿ ಸೋತ. ಮಂತ್ರವಾದಿ ಸರಿಯಾಗಿ 12. ತಮ್ಮ ಪ್ಯಾಲಡಿನ್ ಎರಡು ದಾಳವನ್ನೂ ಒಟ್ಟಿಗೇ ಬಿಟ್ಟ: 9, 2.

"ದಾಟಿದ್ರಿ" ಅಂದೆ. "ಆದ್ರೆ ಇವನು ಚರಂಡಿ ಹತ್ತಿರ ದಢಾರ್ ಅಂತ ಬಿದ್ದ. ಕಾವಲಿನವರಿಗೆ ಯಾಕೆ ಕೇಳಿಸಲಿಲ್ಲ?"

ಕಳ್ಳಿ ಒಂದು ಕ್ಷಣ ಯೋಚಿಸಿದಳು. "ಬೀಳೋದು ಗೊತ್ತಿತ್ತು. ಅದಕ್ಕೇ ಮೊದಲೇ ಚರಂಡಿಗೆ ದೂಡಿದೆ. ಕೆಸರಲ್ಲಿ ಬಿದ್ರೆ ಸದ್ದಾಗಲ್ಲ."

ತಮ್ಮ ಪ್ಯಾಲಡಿನ್ ತನ್ನ ಹಾಳೆ ತೆಗೆದು, ಚೈನ್‌ಮೇಲ್ ಎಂದು ಬರೆದಿದ್ದ ಸಾಲಿನ ಮುಂದೆ "ನಾರುತ್ತೆ" ಅಂತ ಬರೆದುಕೊಂಡ.